ಕೆರೆ ತುಂಬದ ಜಿಲ್ಲೆಗೂ ಕಡಲಿಗೂ ಏನು ನಂಟು?

ಅಣ್ಣನ ಮಗ ನೌಕಾಪಡೆಗೆ ಆಯ್ಕೆಯಾಗಿ ಒಡಿಶಾದ ಐಎನ್‌ಎಸ್ ಚಿಲ್ಕಾ ತರಬೇತಿ ಕೇಂದ್ರಕ್ಕೆ ಹೊರಟ ದಿನ, ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಕೆರೆ ಕೋಡಿ ಬಿದ್ದದ್ದನ್ನು ಬೆರಳೆಣಿಕೆಯಷ್ಟು ಸಲ ಕಂಡ ಊರು ನಮ್ಮದು. ಇವನಿಗೆ ಸಮುದ್ರದಲ್ಲಿ ಏನಪ್ಪ ಕೆಲಸ? ಯುದ್ಧ ಬಂದರೆ ಸರಿ. ಯುದ್ಧವೇ ಇಲ್ಲದಾಗ ಅಷ್ಟು ದೊಡ್ಡ ಹಡಗುಗಳು ಏನು ಮಾಡುತ್ತವೆ?"

ಕೋಲಾರ ಜಿಲ್ಲೆಯವರು ಯಾರೇ ಆದರೂ ಕೇಳಬಹುದಾದ ಪ್ರಶ್ನೆ ಇದು. ಸಾವಿರ, ಸಾವಿರದ ಐನೂರು ಅಡಿ ಕೊಳವೆ ಬಾವಿ ಕೊರೆಸಿ, ನೀರು ಬಿದ್ದರೆ ಪೂಜೆ ಮಾಡುವ ಜನ ನಾವು. ನಮ್ಮ ಪಾಲಿಗೆ ಕಡಲು ಎಂದರೆ ಪ್ರವಾಸದ ಚಿತ್ರ. ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಓದುತ್ತಾ, ತಿಳಿದವರನ್ನು ಕೇಳುತ್ತಾ ಹೋದಂತೆ, ಉತ್ತರದ ಮೊದಲ ತುಣುಕು ನಮ್ಮ ಮನೆಯ ಜಗಲಿಯ ಮೂಲೆಯಲ್ಲೇ ಇದೆ ಎಂದು ಗೊತ್ತಾಯಿತು. ಅರ್ಧ ಖಾಲಿಯಾದ ಪೊಟ್ಯಾಷ್ ಮೂಟೆ ಅದು.

ಟೊಮೆಟೊ ಬೆಳೆಯುವವರಿಗೆ ಪೊಟ್ಯಾಷ್ ಏಕೆ ಬೇಕೆಂದು ಹೇಳಬೇಕಾಗಿಲ್ಲ. ಕಾಯಿ ಗಟ್ಟಿಯಾಗಿ, ಬಣ್ಣ ಕಟ್ಟಿ, ಮಂಡಿಯ ಬಾಕ್ಸಿನಲ್ಲಿ ಎರಡು ದಿನ ತಾಳಬೇಕಾದರೆ ಅದು ಬೇಕೇ ಬೇಕು. ಈ ಗೊಬ್ಬರಕ್ಕೆ ನಮ್ಮ ದೇಶ ಬಹುತೇಕ ಪೂರ್ತಿಯಾಗಿ ಹೊರಗಿನ ಸರಕನ್ನೇ ನೆಚ್ಚಿಕೊಂಡಿದೆ. ಕೆನಡಾ, ರಷ್ಯಾ, ಬೆಲಾರುಸ್ ದೇಶಗಳ ಗಣಿಗಳಿಂದ ಒಂದಷ್ಟು ಬರುತ್ತದೆ. ಇನ್ನಷ್ಟು ಜೋರ್ಡಾನ್, ಇಸ್ರೇಲ್‌ನಿಂದ ಬರುತ್ತದೆ. ಅಲ್ಲಿ ಮೃತ ಸಮುದ್ರದ ನೀರನ್ನು ದೊಡ್ಡ ದೊಡ್ಡ ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಇಂಗಿಸಿ ಪೊಟ್ಯಾಷ್ ತೆಗೆಯುತ್ತಾರೆ. ಜೋರ್ಡಾನ್‌ನ ಅಕಾಬಾ ಬಂದರಿನಲ್ಲಿ ಹಡಗು ಹತ್ತಿದ ಗೊಬ್ಬರ ಕೆಂಪು ಸಮುದ್ರದ ಉದ್ದಕ್ಕೂ ಇಳಿದು ಬರುತ್ತದೆ. ಸುಮಾರು ಮೂವತ್ತು ಕಿಲೋಮೀಟರ್ ಅಗಲದ ಬಾಬ್ ಎಲ್ ಮಂದೆಬ್ ಎಂಬ ಕಿರಿದಾದ ಜಲಸಂಧಿಯಲ್ಲಿ ನುಸುಳಿ, ಏಡನ್ ಕೊಲ್ಲಿ ದಾಟಿ, ಅರಬ್ಬಿ ಸಮುದ್ರ ಹಾದು ನಮ್ಮ ಬಂದರು ಸೇರುತ್ತದೆ. ಅಲ್ಲಿಂದ ರೈಲು, ಲಾರಿ, ಗೊಬ್ಬರದ ಅಂಗಡಿ, ಕೊನೆಗೆ ನಮ್ಮ ಜಗಲಿ.

ಅಡುಗೆ ಅನಿಲದ ಕಥೆಯೂ ಹೀಗೆಯೇ. ದೇಶ ಉರಿಸುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಬೋಂಡಾ ಕರಿಯುವ ತಾಳೆಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬರುತ್ತದೆ. ಭಾರತದ ವಿದೇಶಿ ವ್ಯಾಪಾರವನ್ನು ತೂಕದಲ್ಲಿ ಅಳೆದರೆ ಸುಮಾರು ಶೇಕಡಾ 95ರಷ್ಟು, ಬೆಲೆಯಲ್ಲಿ ಅಳೆದರೆ ಸುಮಾರು ಶೇಕಡಾ 70ರಷ್ಟು ಕಡಲ ಮೇಲೆಯೇ ನಡೆಯುತ್ತದೆ. ಅಂದರೆ ಕಡಲು ಒಂದು ಹೆದ್ದಾರಿ. ಕೋಲಾರದ ಮೇಲೆ ಹಾದುಹೋಗುವ ಚೆನ್ನೈ ಹೆದ್ದಾರಿಗಿಂತ ನಮ್ಮ ಹೊಟ್ಟೆಗೆ, ಒಲೆಗೆ ಅದು ಹತ್ತಿರದ್ದು.

ಹೆದ್ದಾರಿ ಎಂದ ಮೇಲೆ ಕಾವಲು ಯಾರದು? ಸಮುದ್ರವನ್ನು ಕಾನೂನು ಪಟ್ಟಿಗಳಾಗಿ ವಿಂಗಡಿಸಿದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ನೀರು ಆಯಾ ದೇಶದ್ದೇ. 200 ನಾಟಿಕಲ್ ಮೈಲಿ, ಅಂದರೆ 370 ಕಿಲೋಮೀಟರ್‌ವರೆಗೆ ಮೀನು, ತೈಲ, ಖನಿಜದ ಹಕ್ಕು ಆ ದೇಶದ್ದು. ಹಡಗುಗಳು ಮಾತ್ರ ಯಾರವಾದರೂ ಹಾದುಹೋಗಬಹುದು. ಅದರಾಚೆಗೆ ಸಮುದ್ರ ಯಾರದೂ ಅಲ್ಲ, ಎಲ್ಲರದೂ ಹೌದು. ಅಲ್ಲಿ ಠಾಣೆಯಿಲ್ಲ, ಗಸ್ತು ಪೊಲೀಸರಿಲ್ಲ. ನಮ್ಮ ದಡಕ್ಕೆ ಹತ್ತಿರದ ನೀರಿನಲ್ಲಿ ಮೀನುಗಾರರನ್ನು ಕಾಪಾಡುವುದು, ಕಳ್ಳಸಾಗಣೆ ಹಿಡಿಯುವುದು ಮುಖ್ಯವಾಗಿ ಕರಾವಳಿ ಕಾವಲು ಪಡೆಯ ಹೊಣೆ. ಯಾರದೂ ಅಲ್ಲದ ಆ ದೂರದ ನೀರಿನಲ್ಲಿ ನಮ್ಮ ಸರಕು, ನಮ್ಮ ಜನ ಇರುವ ಹಡಗುಗಳ ಬೆನ್ನಿಗೆ ನಿಲ್ಲುವುದು ನೌಕಾಪಡೆ. ಅತ್ತಿಗೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಯೆಮೆನ್ ದೇಶದ ಏಡನ್ ಎಂಬ ಹೆಸರು ನಮ್ಮ ಸೀಮೆಗೆ ಹೊಸದೇನಲ್ಲ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1906ರಲ್ಲಿ ಆ ಬಂದರು ನಗರಕ್ಕೆ ಹೋಗಿ, ಕುಡಿಯುವ ನೀರು ಮತ್ತು ಒಳಚರಂಡಿಯ ಯೋಜನೆ ಹಾಕಿಕೊಟ್ಟವರು. ಬರದ ಸೀಮೆಯಲ್ಲಿ ಹುಟ್ಟಿದವರು ಮರಳುಗಾಡಿನ ಬಂದರಿಗೆ ನೀರಿನ ದಾರಿ ಹೇಳಿದರು ಎಂಬುದನ್ನು ಓದಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಅದೇ ಏಡನ್ 2015ರಲ್ಲಿ ಗುಂಡು, ಬಾಂಬುಗಳ ನಡುವೆ ಸಿಕ್ಕಿಕೊಂಡಿತು. ಯೆಮೆನ್‌ನ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ದಾದಿಯರೂ ಸೇರಿದಂತೆ ಸಾವಿರಾರು ಭಾರತೀಯರು ಅಲ್ಲಿದ್ದರು. ಮಾರ್ಚ್ 31ರಂದು ಐಎನ್‌ಎಸ್ ಸುಮಿತ್ರಾ ಆ ಬಂದರಿಗೆ ಹೋಯಿತು. ಐಎನ್‌ಎಸ್ ಮುಂಬೈ, ಐಎನ್‌ಎಸ್ ತರ್ಕಶ್ ಜೊತೆಗೂಡಿದವು. 'ರಾಹತ್' ಎಂಬ ಆ ಕಾರ್ಯಾಚರಣೆಯಲ್ಲಿ ಹಡಗು, ವಿಮಾನಗಳೆಲ್ಲ ಸೇರಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಭಾರತೀಯರನ್ನು, ನಲವತ್ತೊಂದು ದೇಶಗಳ ಒಂಬೈನೂರಕ್ಕೂ ಹೆಚ್ಚು ಜನರನ್ನು ಹೊರತಂದವು.

ಏಡನ್ ಕೊಲ್ಲಿಯಲ್ಲಿ 2008ರ ಅಕ್ಟೋಬರ್‌ನಿಂದಲೂ ನಮ್ಮ ಒಂದಲ್ಲ ಒಂದು ಯುದ್ಧನೌಕೆ ಗಸ್ತಿನಲ್ಲಿದೆ. ಆಗಿನ ಕಾರಣ ಸೊಮಾಲಿಯಾದ ಕಡಲ್ಗಳ್ಳರು. 2023ರ ನವೆಂಬರ್‌ನಿಂದ ಇನ್ನೊಂದು ಕಾಟ ಸೇರಿತು. ಯೆಮೆನ್‌ನ ಹೂಥಿ ಪಡೆಗಳು ಕೆಂಪು ಸಮುದ್ರದ ಸರಕು ಹಡಗುಗಳ ಮೇಲೆ ಕ್ಷಿಪಣಿ, ಡ್ರೋನ್ ಹಾರಿಸತೊಡಗಿದವು. ಎಷ್ಟೋ ಹಡಗುಗಳು ಆ ದಾರಿಯನ್ನೇ ಬಿಟ್ಟು ಆಫ್ರಿಕಾ ಖಂಡವನ್ನು ಸುತ್ತಿ ಬಂದವು. ಸುತ್ತಿದಷ್ಟು ಇಂಧನ, ದಿನ, ವಿಮೆ ಎಲ್ಲವೂ ಸರಕಿನ ಬೆಲೆಗೆ ಸೇರುತ್ತದೆ. ಗಲಾಟೆಯ ಸಂದು ನೋಡಿ ಕಡಲ್ಗಳ್ಳರೂ ಮತ್ತೆ ತಲೆಯೆತ್ತಿದರು.

ಆ ದಿನಗಳ ಒಂದು ಘಟನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೌಕಾಪಡೆಯ ಕೆಲಸದ ಬಗೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 'ರುಯೆನ್' ಎಂಬ ಸರಕು ಹಡಗನ್ನು 2023ರ ಡಿಸೆಂಬರ್‌ನಲ್ಲಿ ಕಡಲ್ಗಳ್ಳರು ವಶಪಡಿಸಿಕೊಂಡರು. ಮೂರು ತಿಂಗಳ ಬಳಿಕ, ಅದನ್ನೇ ತಾಯಿ ಹಡಗು ಮಾಡಿಕೊಂಡು ಬೇರೆ ಹಡಗುಗಳ ಬೇಟೆಗೆ ಹೊರಟರು. ಐಎನ್‌ಎಸ್ ಕೋಲ್ಕತಾ ಅಡ್ಡ ಹೋಯಿತು. ಕಳ್ಳರು ನೌಕೆಯತ್ತ ಗುಂಡು ಹಾರಿಸಿದರು, ಕಣ್ಗಾವಲಿಗೆ ಬಿಟ್ಟಿದ್ದ ಡ್ರೋನನ್ನು ಹೊಡೆದುರುಳಿಸಿದರು. ಒಳಗೆ 17 ಮಂದಿ ಒತ್ತೆಯಾಳುಗಳಿದ್ದುದರಿಂದ ಹಡಗನ್ನು ಮುಳುಗಿಸುವಂತಿರಲಿಲ್ಲ. ಆದ್ದರಿಂದ ಅದರ ಚುಕ್ಕಾಣಿ ವ್ಯವಸ್ಥೆಯನ್ನು ಮಾತ್ರ ಗುರಿಯಿಟ್ಟು ಕೆಡಿಸಿ, ಇದ್ದಲ್ಲೇ ನಿಲ್ಲಿಸಿದರು. ಇತ್ತ ಭಾರತದಿಂದ ವಾಯುಪಡೆಯ ಸಿ-17 ವಿಮಾನ ಹಾರಿ, ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳನ್ನು ಪ್ಯಾರಾಚೂಟ್‌ನಲ್ಲಿ, ಅವರ ದೋಣಿಗಳ ಸಮೇತ, ನಡುಗಡಲಿಗೆ ಇಳಿಸಿತು. ಆ ಜಾಗ ನಮ್ಮ ದಡದಿಂದ ಸುಮಾರು 2,600 ಕಿಲೋಮೀಟರ್ ಆಚೆಗಿತ್ತು. ಕೋಲಾರದಿಂದ ದಿಲ್ಲಿಗಿಂತಲೂ ದೂರ. ಸುಮಾರು 40 ಗಂಟೆಗಳ ಪಟ್ಟಿನ ನಂತರ, 2024ರ ಮಾರ್ಚ್ 16ರಂದು 35 ಕಡಲ್ಗಳ್ಳರೂ ಶರಣಾದರು. ಹದಿನೇಳು ಮಂದಿಗೂ ಒಂದು ಗಾಯವಾಗಲಿಲ್ಲ. ಅವರಲ್ಲಿ ಒಬ್ಬರೂ ಭಾರತೀಯರಲ್ಲ ಎಂಬುದನ್ನು ಒತ್ತಿ ಹೇಳಬೇಕು. ದಾರಿ ಎಲ್ಲರದು ಎಂದ ಮೇಲೆ, ದಾರಿಹೋಕರಲ್ಲಿ ನಮ್ಮವರು, ಪರರು ಎಂದು ಭೇದ ಮಾಡಲಾಗದು. ಹಿಡಿದವರನ್ನು ಮುಂಬೈಗೆ ತಂದು, 2022ರಲ್ಲಿ ಸಂಸತ್ತು ಒಪ್ಪಿದ ಕಡಲ್ಗಳ್ಳತನ ತಡೆ ಕಾಯಿದೆಯಡಿ ಪ್ರಕರಣ ಹೂಡಲಾಯಿತು.

ಆ ದಿನಗಳಲ್ಲಿ ಹಡಗಿನ ಮೇಲೆ ಮೇಲಿನಿಂದ ಕಣ್ಣಿಟ್ಟಿದ್ದುದು ಪಿ-8ಐ ಎಂಬ ಗಸ್ತು ವಿಮಾನ. ನೌಕಾಪಡೆಯ ಬಳಿ ಇಂಥವು ಹನ್ನೆರಡು ಇವೆ. ಇವುಗಳ ಮೊದಲ ನೆಲೆ ಎಲ್ಲಿದೆ ಗೊತ್ತೇ? ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತಿದವರು ಕಾಟ್ಪಾಡಿ ದಾಟಿದ ಮೇಲೆ ಕಾಣುವ ಅರಕ್ಕೋಣಂನಲ್ಲಿ. ಅಲ್ಲಿ ಐಎನ್‌ಎಸ್ ರಾಜಾಳಿ ಎಂಬ ನೌಕಾ ವಾಯುನೆಲೆಯಿದೆ. ನಮ್ಮಲ್ಲಿ ಎಷ್ಟೋ ಜನ ಆ ನಿಲ್ದಾಣದಲ್ಲಿ ಚಹಾ ಕುಡಿದಿದ್ದೇವೆ. ಕಡಲಿಲ್ಲದ ಊರುಗಳಲ್ಲಿ ಕಡಲಿನ ಕೆಲಸ ನಡೆಯುವುದು ಅಪರೂಪವಲ್ಲ. ಸಮುದ್ರದ ಆಳ, ಬಂಡೆ, ಮರಳುದಿಬ್ಬಗಳನ್ನು ತೋರಿಸುವ ನಕ್ಷೆಗಳನ್ನು ಸಿದ್ಧಪಡಿಸುವ ನೌಕಾಪಡೆಯ ಕಚೇರಿ ಹಿಮಾಲಯದ ಬುಡದ ಡೆಹ್ರಾಡೂನ್‌ನಲ್ಲಿದೆ. ಹಿಂದೂ ಮಹಾಸಾಗರದ ಹಡಗುಗಳ ಚಲನವಲನದ ಮಾಹಿತಿಯನ್ನು ಬೇರೆ ದೇಶಗಳ ಅಧಿಕಾರಿಗಳ ಜೊತೆ ಕುಳಿತು ನೋಡುವ ಕೇಂದ್ರ 2018ರಿಂದ ಗುರುಗ್ರಾಮದಲ್ಲಿದೆ.

ಪಿ-8ಐ ವಿಮಾನದ ಮುಖ್ಯ ಕೆಲಸ ಕಡಲ್ಗಳ್ಳರನ್ನು ಹುಡುಕುವುದಲ್ಲ, ಜಲಾಂತರ್ಗಾಮಿಗಳನ್ನು ಹುಡುಕುವುದು. ಇದು ನೌಕಾಪಡೆಯ ಕೆಲಸಗಳಲ್ಲೇ ಅತಿ ಕಷ್ಟದ್ದು. ಇದನ್ನು ಅರ್ಥ ಮಾಡಿಕೊಳ್ಳಲು ಕೆಜಿಎಫ್‌ನವರಿಗೆ ಬೇರೆಯವರಿಗಿಂತ ಸುಲಭ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ, ಮೂರು ಕಿಲೋಮೀಟರ್‌ಗಿಂತ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಲೈನ್ ಮನೆಗಳಲ್ಲಿ ಪಾತ್ರೆಗಳು ಅದುರುತ್ತಿದ್ದವು. ಯಾರೂ ಕಣ್ಣಿಂದ ಕಂಡದ್ದಲ್ಲ. ಸದ್ದು, ಅದುರು ಎರಡೇ ಸುದ್ದಿ ಮುಟ್ಟಿಸುತ್ತಿದ್ದವು. ಕಡಲಿನ ಒಳಗೂ ಹಾಗೆಯೇ. ಬೆಳಕು ಸ್ವಲ್ಪ ಆಳಕ್ಕೆ ಹೋಗುವಷ್ಟರಲ್ಲಿ ಸತ್ತುಹೋಗುತ್ತದೆ. ರೇಡಾರ್‌ನ ಅಲೆಗಳು ಉಪ್ಪು ನೀರಿಗೆ ತಾಗುತ್ತಲೇ ಅಡಗುತ್ತವೆ. ಉಳಿಯುವುದು ಸದ್ದು ಒಂದೇ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಸದ್ದು ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ. ವಿಮಾನವು ಸೊನೊಬಾಯ್ ಎಂಬ ಕೊಳವೆಯಾಕಾರದ ತೇಲುಸಾಧನಗಳನ್ನು ಉದುರಿಸುತ್ತಾ ಹೋಗುತ್ತದೆ. ಅದು ನೀರಿನ ಮೇಲೆ ತೇಲಿಕೊಂಡು, ಒಂದು ತಂತಿಯ ತುದಿಯಲ್ಲಿ ಕಿವಿಯನ್ನು ಆಳಕ್ಕೆ ಇಳಿಬಿಡುತ್ತದೆ. ಕೇಳಿದ್ದನ್ನು ರೇಡಿಯೊ ಮೂಲಕ ವಿಮಾನಕ್ಕೆ ಹೇಳುತ್ತದೆ.

ಆದರೆ ಜಲಾಂತರ್ಗಾಮಿಗೂ ಅಡಗಲು ಜಾಗ ಗೊತ್ತಿದೆ. ನಮ್ಮ ಕಡಲುಗಳಲ್ಲಿ ಮೇಲಿನ ನೀರು ಬೆಚ್ಚಗೆ, ಕೆಳಗೆ ಹೋದಂತೆ ಥಟ್ಟನೆ ತಣ್ಣಗೆ. ಸದ್ದು ತಣ್ಣನೆಯ ಕಡೆಗೆ ಬಾಗುತ್ತದೆ. ಹೀಗಾಗಿ ಮೇಲಿನ ನೌಕೆ ಕಳಿಸಿದ ಸದ್ದು ಎಲ್ಲೆಡೆ ನೆಟ್ಟಗೆ ಹೋಗದೆ, ನಡುವೆ 'ನೆರಳು' ಬಿದ್ದ ಜಾಗಗಳು ಉಳಿಯುತ್ತವೆ. ಅಲ್ಲಿ ಕುಳಿತ ಜಲಾಂತರ್ಗಾಮಿ ಪಕ್ಕದಲ್ಲೇ ಇದ್ದರೂ ಕಿವಿಗೆ ಬೀಳುವುದಿಲ್ಲ. ಮಳೆಗಾಲ, ಬೇಸಿಗೆ, ಹಗಲು, ರಾತ್ರಿ ಎಂದು ಈ ಪದರಗಳು ಬದಲಾಗುತ್ತಲೇ ಇರುತ್ತವೆ. ಆದ್ದರಿಂದಲೇ ಯುದ್ಧವಿಲ್ಲದ ಕಾಲದಲ್ಲೂ ನೌಕಾಪಡೆ ಕಡಲಿನ ಬಿಸಿ, ಉಪ್ಪು, ಆಳಗಳನ್ನು ಅಳೆಯುತ್ತಲೇ ಇರಬೇಕು. ರೈತ ತನ್ನ ಹೊಲದ ಮಣ್ಣನ್ನು ಅರಿತಿರುವಂತೆ ಅದು ತನ್ನ ನೀರನ್ನು ಅರಿತಿರಬೇಕು. ಇದನ್ನು ಕಡೆಗಣಿಸಿದರೆ ಬೆಲೆ ತೆರಬೇಕಾಗುತ್ತದೆ. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿ ಗೆದ್ದು ಬಂದವು. ಆ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ. ಐದು ದಿನಗಳ ನಂತರ, ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಮುಳುಗಿದರು. ಡಿಸೆಂಬರ್ ಬಂದಾಗ ನಾವು ಗೆಲುವನ್ನಷ್ಟೇ ನೆನೆಯುತ್ತೇವೆ. ಖುಕ್ರಿಯನ್ನೂ ನೆನೆಯಬೇಕು.

ಇಷ್ಟು ಹೇಳಿದ ಮೇಲೆ ಪರಂಪರೆಯ ಮಾತು. ಕನ್ನಡ ನಾಡಿಗೆ ನೌಕಾ ಪರಂಪರೆ ಎಲ್ಲಿದೆ ಎನ್ನುವವರು ಐಹೊಳೆಯ ಶಾಸನ ನೋಡಬೇಕು. ರವಿಕೀರ್ತಿ 634ರಲ್ಲಿ ಬರೆದ ಆ ಶಾಸನದಲ್ಲಿ, ಇಮ್ಮಡಿ ಪುಲಕೇಶಿ 'ಪಡುಗಡಲ ಲಕ್ಷ್ಮಿ'ಯಾದ ಪುರಿಯನ್ನು ಮದಗಜಗಳ ಹಿಂಡಿನಂತೆ ತೋರುವ ನೂರಾರು ಹಡಗುಗಳಿಂದ ಮುತ್ತಿದ ವರ್ಣನೆಯಿದೆ. ನಮ್ಮ ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಆ ವಂಶದ ರಾಜೇಂದ್ರನೇ 1025ರ ಸುಮಾರಿಗೆ ಬಂಗಾಳ ಕೊಲ್ಲಿ ದಾಟಿಸಿ ಸುಮಾತ್ರಾದ ಶ್ರೀವಿಜಯದ ಮೇಲೆ ಹಡಗುಪಡೆ ಕಳುಹಿಸಿದವನು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಬೂದಿಕೋಟೆಯಲ್ಲಿ. ಬಂಗಾರಪೇಟೆ ತಾಲ್ಲೂಕಿನ ಈ ಊರಿನಲ್ಲಿ ಹುಟ್ಟಿದ ಹೈದರ್ ಅಲಿ, 1763ರಲ್ಲಿ ಬಿದನೂರನ್ನು ಗೆದ್ದಾಗ ಮೊದಲ ಬಾರಿಗೆ ಕರಾವಳಿಯ ಒಡೆಯನಾದ. ಕುದುರೆ, ಫಿರಂಗಿಗಳ ಲೋಕದಲ್ಲಿ ಬೆಳೆದವನು ಹಡಗು ಕಟ್ಟಿಸಲು ತೊಡಗಿದ. ಇಂಗ್ಲಿಷರ ಬಲದ ಬೇರು ಸಮುದ್ರದಲ್ಲಿದೆ ಎಂಬುದನ್ನು ಅವನಷ್ಟು ಬೇಗ ಗ್ರಹಿಸಿದ ಅರಸರು ಕಡಿಮೆ. ಹಾಗಿದ್ದರೂ 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಳಿ ಅವನ ಹಡಗುಗಳನ್ನು ನಾಶಮಾಡಿದ. ನೆಲದ ಮೇಲೆ ಇಂಗ್ಲಿಷರನ್ನು ಬೆವರಿಳಿಸಿದ್ದ ಹೈದರ್, 1782ರ ಜುಲೈನಲ್ಲಿ ಕಡಲೂರಿಗೆ ಹೋಗಿ ಫ್ರೆಂಚ್ ನೌಕಾಧಿಪತಿ ಸಫ್ರನ್‌ನನ್ನು ಕಾಣಬೇಕಾಯಿತು. ಕಡಲಿನಲ್ಲಿ ತನ್ನದೇ ಬಲವಿಲ್ಲದವನು ಇನ್ನೊಬ್ಬರ ಹಡಗಿಗೆ ಕಾಯಬೇಕು. ಅದೇ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡಾಗ, ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ದೇಹವನ್ನು ಇರಿಸಿದ್ದು ನಮ್ಮ ಕೋಲಾರದಲ್ಲೇ, ತಂದೆಯ ಸಮಾಧಿಯಿರುವ ಮಕ್ಬರಾದಲ್ಲಿ. ಹಡಗನ್ನು ಕೆಲವು ವರ್ಷಗಳಲ್ಲಿ ಕಟ್ಟಬಹುದು. ಅದನ್ನು ನಡೆಸುವ ನಾವಿಕರನ್ನು, ಅಧಿಕಾರಿಗಳನ್ನು, ರಿಪೇರಿ ಮಾಡುವ ಕಾರ್ಖಾನೆಗಳನ್ನು ತಲೆಮಾರುಗಳ ಕಾಲ ಬೆಳೆಸಬೇಕು. ಚಿಲ್ಕಾದಲ್ಲಿ ಹುಡುಗರಿಗೆ ಮೊದಲು ಈಜು, ಶಿಸ್ತು, ಹಗ್ಗದ ಗಂಟು ಕಲಿಸುವುದರ ಅರ್ಥ ಇದು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ, 262 ಮೀಟರ್ ಉದ್ದದ ವಿಮಾನವಾಹಕ ನೌಕೆ ವಿಕ್ರಾಂತ್ ನಮ್ಮಲ್ಲೇ ಕಟ್ಟಿದ್ದು ಎಂಬುದು ದೊಡ್ಡ ಮಾತಾಗುವುದೂ ಇದರಿಂದಲೇ. ಹಳೆಯ ವಿಕ್ರಾಂತ್‌ ಅನ್ನು ಬ್ರಿಟನ್‌ನಿಂದ ಕೊಂಡು ತಂದಿದ್ದೆವು.

ಹಳೆಯದನ್ನು ಕಲಿಯಲು ನೌಕಾಪಡೆ ಇತ್ತೀಚೆಗೆ ಒಂದು ಅಪೂರ್ವ ಕೆಲಸ ಮಾಡಿದೆ. ಅಜಂತಾದ ಐದನೇ ಶತಮಾನದ ಚಿತ್ರವೊಂದರಲ್ಲಿ ಹಡಗಿದೆ. ಆ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು, ಕೇರಳದ ಬಾಬು ಶಂಕರನ್ ಅವರ ನೇತೃತ್ವದ ಬಡಗಿಗಳು ಗೋವಾದಲ್ಲಿ ಒಂದು ಹಾಯಿಹಡಗನ್ನು ಹೊಲಿದರು. ಹೌದು, ಹೊಲಿದರು. ಹಲಗೆಗಳ ಅಂಚಿಗೆ ತೂತು ಕೊರೆದು, ಸಂದಿಗೆ ನಾರು ತುಂಬಿ, ತೆಂಗಿನ ಹುರಿಯಿಂದ ಬಿಗಿಯಾಗಿ ಹೆಣೆದು, ಮರದ ಅಂಟು ಬಳಿದರು. ಮೊಳೆ ಇಲ್ಲ. ತೆಂಗಿನ ನಾರು ಉಪ್ಪು ನೀರಿಗೆ ಹೆದರುವುದಿಲ್ಲ. ಹೊಲಿದ ಒಡಲು ಅಲೆಯ ಏಟಿಗೆ ಬಿರುಕು ಬಿಡದೆ ತುಸು ಬಾಗಿ ತಾಳಿಕೊಳ್ಳುತ್ತದೆ. ನುಲಿ ಹೆಣೆದ ಮಂಚದ ಮೇಲೆ ಮಲಗಿದವರಿಗೆ ಈ ಗುಣ ಗೊತ್ತು. ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಆ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದೇ ಡಿಸೆಂಬರ್ 29ರಂದು ಪೋರಬಂದರಿನಿಂದ ಹಾಯಿ ಬಿಚ್ಚಿ, ಜನವರಿಯಲ್ಲಿ ಓಮಾನ್‌ನ ಮಸ್ಕತ್ ತಲುಪಿತು. ಅದರ ಹಾಯಿಯ ಮೇಲೆ ಇರುವುದು ಗಂಡಭೇರುಂಡ. ನಮ್ಮ ತಾಲ್ಲೂಕು ಕಚೇರಿಯ ಕಾಗದದ ತಲೆಯ ಮೇಲಿರುವ ಅದೇ ಎರಡು ತಲೆಯ ಹಕ್ಕಿ. ಐಎನ್‌ಎಸ್ ಮೈಸೂರು ಎಂಬ ಯುದ್ಧನೌಕೆಯ ಲಾಂಛನವೂ ಅದೇ. ಆ ಹೆಸರಿನ ಮೊದಲ ನೌಕೆ 1961ರ ಡಿಸೆಂಬರ್‌ನಲ್ಲಿ ತ್ರಿಶೂಲ್ ಜೊತೆಗೂಡಿ ಕಾರವಾರದೆದುರಿನ ಅಂಜುದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿತು. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು.

ಕಳೆದ ಚಳಿಗಾಲದಲ್ಲಿ ಅತ್ತಿಗೆಯನ್ನು ಕಾರವಾರಕ್ಕೆ ಕರೆದುಕೊಂಡು ಹೋದೆವು. ಕೋಲಾರದಿಂದ ಆರುನೂರು ಕಿಲೋಮೀಟರ್‌ಗೆ ಹತ್ತಿರದ ದಾರಿ. ಅಲ್ಲಿನ ಐಎನ್‌ಎಸ್ ಕದಂಬ ನೌಕಾನೆಲೆ 2005ರಲ್ಲಿ ಆರಂಭವಾಯಿತು. ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆ ಬಂದು ನಿಲ್ಲುವ ಜಾಗ ಅದು. ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಆ ನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ಮನೆ, ಮೀನು ಹಿಡಿಯುವ ದಡ ಬಿಟ್ಟುಕೊಟ್ಟು ಹೋದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯ ಅಲೆದವು. ನೌಕಾಪಡೆಯ ಕಥೆ ಹೇಳುವಾಗ ಅವರ ಹೆಸರನ್ನು ಬಿಡುವುದು ತಪ್ಪು.

ಊರೊಳಗಿನ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ನಿವೃತ್ತ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕರಾಚಿಗೆ ಹೋದ ದೋಣಿಗಳ ಕುಲದ್ದೇ, ಮುಂದಿನ ಪೀಳಿಗೆಯದು. ಮೂರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಒಳಗೆ ತಲೆ ಬಗ್ಗಿಸಿಯೇ ನಡೆಯಬೇಕು. ಅತ್ತಿಗೆ ಕ್ಷಿಪಣಿಯ ಗೂಡನ್ನು ಹೆಚ್ಚು ಹೊತ್ತು ನೋಡಲಿಲ್ಲ. ಮಲಗುವ ಜಾಗ ಎಲ್ಲಿ ಎಂದು ಕೇಳಿ, ಒಂದರ ಮೇಲೊಂದು ಜೋಡಿಸಿದ ಕಿರಿದಾದ ಹಾಸಿಗೆಯ ಅಂಚನ್ನು ಕೈಯಿಂದ ಸವರಿದರು. ಆಮೇಲೆ ಕೋಲಾರದವರು ಮಾತ್ರ ಮೊದಲು ಕೇಳುವ ಪ್ರಶ್ನೆ ಕೇಳಿದರು: "ತಿಂಗಳುಗಟ್ಟಲೆ ಸಮುದ್ರದಲ್ಲಿದ್ದರೆ ಕುಡಿಯುವ ನೀರಿಗೆ ಏನು ಮಾಡುತ್ತಾರೆ?"

ದೊಡ್ಡ ನೌಕೆಗಳಲ್ಲಿ ಸಮುದ್ರದ ನೀರನ್ನೇ ಒತ್ತಡ ಹಾಕಿ, ಉಪ್ಪನ್ನು ತಡೆಯುವ ತೆಳುಪೊರೆಯ ಮೂಲಕ ಹಾಯಿಸಿ ಸಿಹಿನೀರು ಮಾಡಿಕೊಳ್ಳುತ್ತಾರೆ ಎಂದೆ. ಆರ್‌ಒ ಘಟಕ. ಫ್ಲೋರೈಡ್ ನೀರಿನ ನಮ್ಮ ಹಳ್ಳಿಗಳಲ್ಲಿ, ನಾಣ್ಯ ಹಾಕಿದರೆ ಕ್ಯಾನಿಗೆ ನೀರು ಬೀಳುತ್ತದಲ್ಲ, ಅದರೊಳಗೆ ಇರುವುದೂ ಅದೇ ಪೊರೆ.

"ಅಂದರೆ ನಮ್ಮ ಬೀದಿ ತುದಿಯ ನೀರನ್ನೇ ಅವನು ಅಲ್ಲಿಯೂ ಕುಡಿಯುತ್ತಾನೆ," ಎಂದರು ಅತ್ತಿಗೆ. ಮೆಟ್ಟಿಲಿಳಿದು ಬಂದು, ಚಪ್ಪಲಿ ಬಿಟ್ಟು, ಮೊದಲ ಬಾರಿಗೆ ಅಲೆಗೆ ಕಾಲು ಕೊಟ್ಟರು.